ಜೋಯಿಸಮ್ಮನ ಐದು ಪ್ರಶ್ನೆ

ಲ್ಯಾಬ್ ಟೆಕ್ನಿಷಿಯನ್ನರನ್ನು ತಯಾರು ಮಾಡುವ ಕಾಲೇಜಿನಲ್ಲಿ ಕ್ಲಿನಿಕಲ್ ಬಯೋಕೆಮಿಸ್ಟ್ರಿ ಕಲಿಸುತ್ತಿದ್ದ ಮೇಡಮ್ಮಿಗೆ ಹುಡುಗಿಯರು ಜೋಯಿಸಮ್ಮ ಅಂತ ಹೆಸರಿಟ್ಟಿದ್ದರು. ಪರೀಕ್ಷೆ ಹತ್ತಿರ ಬಂತೆಂದರೆ ಅವಳು ಬೋರ್ಡಿನ ಮೇಲೆ ಐದು ಪ್ರಶ್ನೆ ಬರೆಯುವಳು. ಮೂರಾದರೂ ಬಂದೇ ಬರುತ್ತಿದ್ದವು. ಮಾಟಮಂತ್ರ ಏನಿಲ್ಲ. ಹೋದ ವರ್ಷ ಕಾಮಾಲೆ ಕೇಳಿದ್ದರೆ ಈ ಸಲ ಕಿಡ್ನಿ. ಪ್ರಾಕ್ಟಿಕಲ್‌ಗೆ ಬಂದ ಪರೀಕ್ಷಕರು ಯಾವುದಕ್ಕೆ ಮೂಗು ಮುರಿದರು, ಯಾವುದಕ್ಕೆ ತಲೆ ಆಡಿಸಿದರು, ಎಲ್ಲ ಅವಳ ಮನಸ್ಸಿನಲ್ಲಿ ಇರುತ್ತಿತ್ತು. ತನ್ನ ಈ ಚಾಣಾಕ್ಷತನದ ಬಗ್ಗೆ ಒಳಗೊಳಗೇ ಹೆಮ್ಮೆಯೂ ಇತ್ತು.

ಆ ವರ್ಷ ಐದಕ್ಕೆ ಐದೂ ಬಂದವು.

ಹುಡುಗಿಯರು ಪರೀಕ್ಷಾ ಕೊಠಡಿಯಿಂದ ಕುಣಿಯುತ್ತಾ ಹೊರಬಂದರು. ಸಂಜೆಯೊಳಗೆ ಸುದ್ದಿ ಬೇರೆ ಕಾಲೇಜುಗಳಿಗೂ ಹಬ್ಬಿತು. ಮರುದಿನ ಪ್ರಿನ್ಸಿಪಾಲರು ಕರೆದು ಕೇಳಿದರು: "ನಿಮ್ಮ ತಂಗಿ ಗಂಡ ಕೆಲಸ ಮಾಡೋದು ಎಲ್ಲಿ?"

ಅವನು ಕೆಲಸ ಮಾಡುತ್ತಿದ್ದದ್ದು ಪ್ರಶ್ನೆಪತ್ರಿಕೆ ಅಚ್ಚಾಗುವ ಪ್ರೆಸ್ಸಿನಲ್ಲಿ.

ಬೆಂಕಿಯಿಲ್ಲದೆ ಹೊಗೆಯಾಡುತ್ತದೆಯೇ ಅಂದರು ಎಲ್ಲರೂ. ಫಲಿತಾಂಶ ತಡೆಹಿಡಿದರು. ಪ್ರೆಸ್ಸಿನವರು ತಂಗಿಯ ಗಂಡನನ್ನು ವಿಚಾರಣೆ ಮುಗಿಯುವ ತನಕ ಮನೆಯಲ್ಲಿರು ಎಂದು ಕಳಿಸಿದರು. ತಂಗಿಯದು ಕೆಳಗಿನ ಮನೆ, ಇವಳದು ಮೇಲಿನ ಕೋಣೆ. ತನ್ನ ಗಂಡ ತೀರಿಕೊಂಡ ಮೇಲೆ ಇವಳ ಊಟ ತಿಂಡಿ ಎಲ್ಲ ಕೆಳಗೇ ಆಗುತ್ತಿತ್ತು. ಈಗ ತಂಗಿ ಮೆಟ್ಟಿಲ ಬಾಗಿಲಿಗೆ ಚಿಲಕ ಹಾಕಿಬಿಟ್ಟಳು.

"ನಾನು ಅವನನ್ನ ಒಂದು ಮಾತೂ ಕೇಳಿಲ್ಲ ಕಣೇ," ಎಂದಳು ಜೋಯಿಸಮ್ಮ ಬಾಗಿಲ ಈಚೆಯಿಂದ.

"ಕೇಳಿಲ್ಲ ಅಂತ ನನಗೂ ಗೊತ್ತು. ಆದ್ರೆ ಐದಕ್ಕೈದು ಯಾಕೆ ಹೇಳ್ಬೇಕಿತ್ತು? ನಿನ್ನ ಜಾಣತನ ನನ್ನ ಗಂಡನ ಕುತ್ತಿಗೆಗೆ ಬಂತು."

ವಿಚಾರಣೆಯ ದಿನ ಉದ್ದನೆ ಮೇಜಿನ ಆಚೆ ಪರೀಕ್ಷಾ ಮಂಡಳಿಯ ಅಧ್ಯಕ್ಷರು ಕೂತಿದ್ದರು. ಅವರ ಪಕ್ಕದಲ್ಲಿ ಪ್ರಶ್ನೆಪತ್ರಿಕೆ ಸಿದ್ಧಪಡಿಸಿದ ಪರೀಕ್ಷಕರು, ಮುಖ ಗಂಟು ಹಾಕಿಕೊಂಡು.

"ನಾಲ್ಕು ಪ್ರಶ್ನೆ ಬಿಡಿ, ಯಾರಾದ್ರೂ ಊಹಿಸಬಹುದು," ಎಂದರು ಅಧ್ಯಕ್ಷರು. "ಪೊಟ್ಯಾಸಿಯಂ ಪ್ರಶ್ನೆ? ರಕ್ತ ತೆಗೆಯುವಾಗ ಕಣಗಳು ಒಡೆದರೆ ಪೊಟ್ಯಾಸಿಯಂ ಸುಳ್ಳೇ ಜಾಸ್ತಿ ತೋರಿಸುತ್ತೆ, ಯಾಕೆ? ಇದುವರೆಗೆ ಒಂದು ಸಲವೂ ಕೇಳಿರದ ಪ್ರಶ್ನೆ. ನಿಮಗೆ ಹೇಗೆ ಹೊಳೀತು?"

ಫ್ಯಾನ್ ಕಿರುಗುಟ್ಟುತ್ತಿತ್ತು. ಉತ್ತರ ಅವಳಲ್ಲಿತ್ತು. ಹೇಳಿದರೆ ತಂಗಿಯ ಗಂಡ ಉಳಿಯುತ್ತಾನೆ, ತನ್ನ ಮಾನ ಹೋಗುತ್ತದೆ.

"ಈ ಸರ್ ಪ್ರಾಕ್ಟಿಕಲ್‌ಗೆ ಬಂದಾಗ ರಕ್ತಕಣ ಒಡೆದು ಕೆಂಪಗಾಗಿದ್ದ ಸೀರಂ ತೋರಿಸಿ ಇದನ್ನೇ ಕೇಳಿದ್ರು. ನನ್ನ ಹುಡುಗಿಯರಲ್ಲಿ ಒಬ್ಬಳೂ ಬಾಯಿ ಬಿಡಲಿಲ್ಲ. ಇಷ್ಟು ಗೊತ್ತಿಲ್ಲದೆ ಲ್ಯಾಬಿಗೆ ಹೋದ್ರೆ ರೋಗಿ ಸಾಯ್ತಾನೆ ಅಂತ ಸರ್ ಕೂಗಾಡಿದ್ರು. ಅಷ್ಟು ಸಿಟ್ಟು ಬಂದೋರು ಪೇಪರಿನಲ್ಲಿ ಕೇಳದೆ ಬಿಡ್ತಾರಾ ಅಂದ್ಕೊಂಡೆ."

ಅಧ್ಯಕ್ಷರು ಕನ್ನಡಕ ತೆಗೆದರು. "ಒಬ್ಬಳಿಗೂ ಗೊತ್ತಿರಲಿಲ್ಲವಾ? ಅಂದರೆ ನೀವು ಪಾಠವೇ ಮಾಡಿರಲಿಲ್ಲ?"

"ಇಲ್ಲ ಸರ್. ಪರೀಕ್ಷೆಗೆ ಬರಲ್ಲ ಅಂತ ಬಿಟ್ಟಿದ್ದೆ."

ಈಗ ಎಲ್ಲವೂ ಪರೀಕ್ಷಕರ ಬಾಯಲ್ಲಿತ್ತು. ತಾನು ಹಾಗೆ ಹೇಳಲೇ ಇಲ್ಲ ಎಂದರೆ ಕಥೆ ಮುಗಿದಂತೆ. ಅವರು ಅವಳನ್ನೇ ದಿಟ್ಟಿಸಿ ನೋಡಿದರು.

"ಕೂಗಾಡಿದ್ದು ನಿಜ," ಎಂದರು ಕೊನೆಗೆ. "ಮನೆಗೆ ಹೋದವನೇ ಆ ಪ್ರಶ್ನೆ ಬರೆದಿಟ್ಟೆ."

ಪತ್ರಿಕೆ ಸೋರಿಲ್ಲ ಎಂದು ತೀರ್ಮಾನವಾಯಿತು. ಆದರೂ ಅನುಮಾನ ಉಳಿಯಬಾರದೆಂದು ಆ ಕಾಲೇಜಿಗೆ ಮತ್ತೆ ಪರೀಕ್ಷೆ. ಜೊತೆಗೆ ಪಠ್ಯದ ಭಾಗಗಳನ್ನು ಬಿಟ್ಟು ಪಾಠ ಮಾಡಿದ್ದಕ್ಕೆ ಅವಳಿಗೊಂದು ಕಟ್ಟುನಿಟ್ಟಿನ ಎಚ್ಚರಿಕೆ.

ತಂಗಿಯ ಗಂಡ ಕೆಲಸಕ್ಕೆ ಮರಳಿದ. ತಂಗಿ ಮೆಟ್ಟಿಲು ಹತ್ತಿ ಬಂದು ಬಾಗಿಲಲ್ಲಿ ನಿಂತಳು. ತಪ್ಪಾಯಿತು ಎನ್ನುವ ಮಾತು ಅವಳ ಬಾಯಿಗೆ ಬರುವಂಥದ್ದಲ್ಲ. "ಊಟ ಆಯ್ತಾ?" ಎಂದಳು. "ಇಲ್ಲ." "ಹಾಗಿದ್ರೆ ಬಾ, ಅನ್ನ ಆರೋಗುತ್ತೆ."

ತರಗತಿಯಲ್ಲಿ ಹುಡುಗಿಯರು ಪೆನ್ನು ಹಿಡಿದು ಕಾಯುತ್ತಿದ್ದರು. ಜೋಯಿಸಮ್ಮ ಸೀಮೆಸುಣ್ಣ ಮುಟ್ಟಲಿಲ್ಲ.

"ಪುಸ್ತಕ ತೆಗೀರಿ. ಮೊದಲನೇ ಪಾಠದಿಂದ."

"ಎಲ್ಲಾನೂ ಓದ್ಬೇಕಾ ಮೇಡಂ? ಯಾವುದು ಇಂಪಾರ್ಟೆಂಟ್ ಹೇಳಿ ಸಾಕು."

"ರಕ್ತ ಪರೀಕ್ಷೆಗೆ ಬರೋರು ಇಂಪಾರ್ಟೆಂಟ್ ಕಾಯಿಲೆ ಮಾತ್ರ ಆರಿಸ್ಕೊಂಡು ಬರ್ತಾರೇನ್ರೇ?"

ಯಾರೂ ನಗಲಿಲ್ಲ. ದಿನಗಳು ಕಡಿಮೆ ಇದ್ದವು, ಓಡಿಸಿ ಓಡಿಸಿ ಮುಗಿಸಿದಳು. ಫಲಿತಾಂಶ ಚೆನ್ನಾಗಿ ಬರಲಿಲ್ಲ. ಫೇಲಾದ ಇಬ್ಬರು ಅವಳನ್ನು ಕಂಡರೆ ದಾರಿ ಬದಲಿಸತೊಡಗಿದರು. ಒಂದು ಭಾನುವಾರ ಅವಳೇ ಅವರ ಮನೆ ಹುಡುಕಿಕೊಂಡು ಹೋದಳು, ಮತ್ತೆ ಕಲಿಸುತ್ತೇನೆ ಎಂದು. ಒಬ್ಬಳು ಒಳಗೆ ಕರೆದು ಕುರ್ಚಿ ಕೊಟ್ಟಳು. ಇನ್ನೊಬ್ಬಳು ಕಿಟಕಿಯಿಂದ ನೋಡಿ ಪರದೆ ಎಳೆದುಕೊಂಡಳು. ಆ ಬಾಗಿಲಿಗೆ ಜೋಯಿಸಮ್ಮ ಮುಂದಿನ ಭಾನುವಾರವೂ ಹೋದಳು.