ತಿಕೋಟಾದ ಏಕಮೇವ ಕಿವುಡಿ

ಅರವತ್ತರ ದಶಕದಲ್ಲಿ ಕೆಲವು ದಿನಗಳ ಕಾಲ ತಿಕೋಟಾ ಊರಿನ ಕಿವುಡರ ಒಟ್ಟು ಸಂಖ್ಯೆ ಒಂದು. ಆ ಒಂದು ನಾನು. ಇದು ನನ್ನ ಬಡಾಯಿಯಲ್ಲ. ವೈದ್ಯಶಾಸ್ತ್ರವೇ ತನ್ನ ಸಲಕರಣೆ ಹೊತ್ತು ಊರಿಗೆ ಬಂದು, ಹುಡುಗರಿಂದ ಮುದುಕರವರೆಗೆ ಎಲ್ಲರ ಕಿವಿ ನೋಡಿ ಕೊಟ್ಟ ತೀರ್ಪು. ಪಕ್ಕದಲ್ಲೇ ನಿಂತು ಹಲಗೆ ಬಾರಿಸಿದರೂ ಕಣ್ಣು ಪಿಳುಕಿಸದ ಹಿರಿಯರು ಊರ ತುಂಬ ಇದ್ದರು. ಅವರೆಲ್ಲರ ಕಿವಿ ಪಾಸಾದವು. ನಪಾಸಾದದ್ದು ಹೆಣ್ಣುಮಕ್ಕಳ ಶಾಲೆಯ ಅಕ್ಕೋರದು, ಅಂದರೆ ನನ್ನದು. ಅದೂ ಎಡಗಿವಿ ಮಾತ್ರ.

ನನ್ನ ಎಡಗಿವಿ ಸಣ್ಣವಳಿದ್ದಾಗ ಬಂದ ಜ್ವರದ ಜೊತೆಗೆ ಹೋಗಿತ್ತು. ಬಂದವರು ಬರಿಗೈಲಿ ಹೋಗಬಾರದೆಂದು ಜ್ವರ ಅದನ್ನು ಒಯ್ದಿರಬೇಕು. ಹೋಗುವಾಗ ಅದು ಬಿಟ್ಟುಹೋದದ್ದು ತಲೆಸುತ್ತು. ಗಕ್ಕನೆ ಹೊರಳಿ ನೋಡಿದರೆ ಕರಿಹಲಗೆ, ಕಿಟಕಿ, ಗೋಡೆಯ ಭೂಪಟ ಎಲ್ಲವೂ ಒಂದು ಪ್ರದಕ್ಷಿಣೆ ಹಾಕಿ ಬರುತ್ತಿದ್ದವು. ಅವು ತಮ್ಮ ತಮ್ಮ ಜಾಗಕ್ಕೆ ಬರುವ ತನಕ ನಾನು ಗೋಡೆಗೆ ಕೈಯೂರಿ ಮೌನವಾಗಿ ನಿಲ್ಲುತ್ತಿದ್ದೆ. ಹುಡುಗಿಯರು ಅದನ್ನು ಸಿಟ್ಟೆಂದು ತಿಳಿದು ಉಸಿರು ಬಿಗಿಹಿಡಿಯುತ್ತಿದ್ದರು. ತರಗತಿಯ ಶಿಸ್ತಿಗೆ ಇಷ್ಟು ಒಳ್ಳೆಯ ಉಪಾಯವನ್ನು ಟ್ರೇನಿಂಗ್ ಕಾಲೇಜಿನವರೂ ನನಗೆ ಹೇಳಿಕೊಟ್ಟಿರಲಿಲ್ಲ.

ಇದೆಲ್ಲ ಗೊತ್ತಿದ್ದದ್ದು ಅವ್ವನಿಗೆ ಮತ್ತು ಅವಳ ತವರಿನವರಿಗೆ. ಅಪ್ಪ ತೀರಿಕೊಂಡ ಮೇಲೆ ನಮ್ಮಿಬ್ಬರ ಒಲೆ ಉರಿಯುತ್ತಿದ್ದದ್ದು ನನ್ನ ನೌಕರಿಯಿಂದ. ಆ ವರ್ಷ ಒಬ್ಬ ಪಾಲಕರು, ದಾರಿಯಲ್ಲಿ ಕರೆದರೆ ಅಕ್ಕೋರು ತಿರುಗಿ ನೋಡುವುದಿಲ್ಲ ಎಂದು ಶಾಲಾ ಕಮಿಟಿಗೆ ದೂರು ಕೊಟ್ಟಿದ್ದರು. ಕಮಿಟಿ ವಿಚಾರ ಮಾಡಿ, ಅಕ್ಕೋರಿಗೆ ಸೊಕ್ಕಿರಬೇಕು ಇಲ್ಲವೇ ಕಿವುಡಿರಬೇಕು, ಸೊಕ್ಕಾದರೆ ಬುದ್ಧಿ ಹೇಳೋಣ, ಕಿವುಡಾದರೆ ಬೇರೆ ಅಕ್ಕೋರನ್ನು ತರಿಸೋಣ ಎಂದು ಅಭಿಪ್ರಾಯಪಟ್ಟಿತು. ನಾನು ಸೊಕ್ಕನ್ನು ಆರಿಸಿಕೊಂಡೆ. ಅದನ್ನು ಮನಃಪೂರ್ವಕವಾಗಿ ಬೆಳೆಸಿದೆ ಕೂಡ. ಇಂದಿಗೂ ಅದು ಚೆನ್ನಾಗಿಯೇ ಇದೆ.

ಅಷ್ಟರಲ್ಲಿ ಬಬಲೇಶ್ವರದಿಂದ ಅವ್ವನ ತಮ್ಮ, ನನ್ನ ಸೋದರಮಾವ ಬಂದ. ಮಾವ ಯಾವಾಗ ಬಂದರೂ ಒಂದು ಚೀಲ ಜೋಳ, ಎರಡು ಚೀಲ ಬಬಲೇಶ್ವರದ ಹಿರಿಮೆ ಹೊತ್ತು ತರುತ್ತಿದ್ದ.

“ಬಿಜಾಪೂರದಿಂದ ಡಾಕ್ಟರ್ ಮಂದಿ ಬಂದಿದ್ರು ಬೇ ಯಕ್ಕಾ,” ಎಂದು ತಲೆಯ ಪಟಗ ತೆಗೆದು ಕೂತ. “ಯಾವ ವಯಸ್ಸಿಗೆ ಕಿವಿ ಮಂದ ಆಗ್ತಾವು, ಯಾವ ವಯಸ್ಸಿಗೆ ಕಾಲ ತತ್ತರಸ್ತಾವು ಅಂತ ಶೋಧ ಮಾಡಾಕತ್ತಾರಂತ. ಒಂದ ಉಕ್ಕಿನ ಚಿಮಟಾ ಬಡದು ಕಿವಿ ಹಂತ್ಯಾಕ ಹಿಡೀತಾರ. ಸಪ್ಪಳ ಕೇಳೂ ತನಕಾ ಕೈ ಎತ್ತಿ ಹಿಡೀಬೇಕು. ನಮ್ಮೂರಾಗ ಒಬ್ಬಾಂವರ ಕೈ ಇಳಿಸ್ಯಾನೇನ ಕೇಳು!”

“ಚಿಮಟಾದ ಸಪ್ಪಳ ಅಷ್ಟೊತ್ತ ಇರತೈತೇನೋ?” ಎಂದಳು ಅವ್ವ.

“ಸಪ್ಪಳ ನಿಂತಿತ್ತು. ನಾವು ಬಿಡಲಿಲ್ಲ. ಡಾಕ್ಟರು ಊಟಕ್ಕ ಎದ್ದರೂ ನನ್ನ ಕೈ ಮ್ಯಾಲನ ಇತ್ತು. ಇನ್ನ ನಿಮ್ಮೂರಿಗೆ ಬರ್ತಾರ. ತಿಕೋಟಾದಾವ್ರ ಎಷ್ಟ ಹಿಡೀತಾರೋ ನೋಡೂಣು.”

ಮಾತು ಸಂಜೆಯೊಳಗೆ ಊರ ಕಟ್ಟೆ ಮುಟ್ಟಿತು. ಕುಸ್ತಿಯಲ್ಲಿ, ಭಜನೆಯಲ್ಲಿ, ಎತ್ತಿನ ಕೋಡಿನ ಉದ್ದದಲ್ಲಿ ಬಬಲೇಶ್ವರದ ಜೊತೆಗೆ ನಮಗಿದ್ದ ಹಳೆಯ ಪೈಪೋಟಿಗೆ ಕಿವಿಯೂ ಸೇರಿತು. ಡಾಕ್ಟರರು ಬರುತ್ತಿರುವುದು ಕಾಯಿಲೆ ಹುಡುಕಲು, ಬಹುಮಾನ ಹಂಚಲು ಅಲ್ಲ ಎಂಬುದು ಯಾರ ತಲೆಗೂ ಹೊಳೆಯಲಿಲ್ಲ. ಹೊಳೆದವರಿಗೆ ಹೇಳುವ ಧೈರ್ಯವಾಗಲಿಲ್ಲ. ನಮ್ಮ ಹೆಡ್ ಮಾಸ್ತರರು ಶಿಕ್ಷಕರನ್ನೆಲ್ಲ ಕರೆದು, ಯುದ್ಧಕ್ಕೆ ಕಳಿಸುವವರ ದನಿಯಲ್ಲಿ ಹೇಳಿದರು:

“ಊರ ಮಾನದ ಪ್ರಶ್ನೆ ಐತ್ರಿ. ಸಾಲಿ ಮಂದೀನ ಕೈ ಇಳಿಸಿದ್ರ ಉಳದಾವ್ರ ಏನ್ ಮಾಡ್ಯಾರು? ಅಕ್ಕೋರ, ನಿಮಗಂತೂ ಬ್ಯಾರೆ ಹೇಳೂದ ಬ್ಯಾಡ. ಕಮಿಟಿಯವ್ರು ಎದುರಿಗೇ ಕುಂತಿರ್ತಾರ.”

ಅವ್ವ ಇನ್ನೂ ಚುಟುಕಾಗಿ ಹೇಳಿದಳು. “ಕೈ ಎತ್ತಿ ಬಾ, ಅಷ್ಟ. ಕಿವಿ ಕೆಟ್ಟಿದ್ರ ಕೈಗೇನ ಧಾಡಿ ಆಗೇತಿ?”

ಡಾಕ್ಟರರು ಒಬ್ಬ ಕಂಪೌಂಡರನ ಜೊತೆಗೆ ಬಂದು ಶಾಲೆಯ ಪಡಸಾಲೆಯಲ್ಲಿ ಮೇಜು ಹಾಕಿಸಿದರು. ಮೊದಲ ಗೌರವ ಕಮಿಟಿಯ ಚೇರ್ಮನ್ನರಿಗೆ. ಡಾಕ್ಟರರು ಮಾವ ಹೇಳಿದ ಚಿಮಟಾವನ್ನು, ಅಂದರೆ ಇಕ್ಕಳದಂಥ ಶ್ರುತಿಕವೆಯನ್ನು, ಬಡಿದು ಅವರ ಕಿವಿಯ ಬಳಿ ಹಿಡಿದರು. ಚೇರ್ಮನ್ನರು ಕೈ ಎತ್ತಿದರು. ಸ್ವಲ್ಪ ಹೊತ್ತಿನ ಮೇಲೆ ಡಾಕ್ಟರರು ಅದನ್ನು ತಮ್ಮ ಕಿವಿಗೆ ಹಿಡಿದು ನೋಡಿ, ಸದ್ದು ಸತ್ತಿದೆಯೆಂದು ಮೇಜಿನ ಮೇಲಿಟ್ಟರು. ಚೇರ್ಮನ್ನರ ಕೈ ಮೇಲೆಯೇ ಇತ್ತು.

“ಇನ್ನೂ ಕೇಳಾಕತ್ತೈತೇನ್ರಿ ಹಿರ್ಯಾರ?” ಎಂದು ಡಾಕ್ಟರರು ಕೇಳಿದರು.

ಹಿರಿಯರಿಗೆ ಆ ಪ್ರಶ್ನೆಯೇ ಕೇಳಲಿಲ್ಲ. ಪಕ್ಕದವರು ತಿವಿದಾಗ, ಸಾಲದೇನೋ ಎಂದು ಇನ್ನೊಂದು ಕೈಯನ್ನೂ ಎತ್ತಿದರು.

ಆಮೇಲೆ ಸಮತೋಲದ ಪರೀಕ್ಷೆ. ಎರಡೂ ಪಾದ ಜೋಡಿಸಿ, ಕಣ್ಣು ಮುಚ್ಚಿ, ಅಲುಗದೆ ನಿಲ್ಲಬೇಕು. ಮುದುಕರೆಲ್ಲ ಕಲ್ಲಿನ ಕಂಬದಂತೆ ನಿಂತರು. ಪ್ರತಿ ಕಂಬದ ಹಿಂದೆಯೂ ಒಬ್ಬ ಮೊಮ್ಮಗ ಧೋತರದ ಕಚ್ಚೆ ಬಿಗಿಯಾಗಿ ಹಿಡಿದುಕೊಂಡಿದ್ದ.

“ಅಂವನ್ನ ಆ ಕಡೆ ಕಳಸ್ರಿ,” ಎಂದರು ಡಾಕ್ಟರರು.

“ಇರ್ಲಿ ಬಿಡ್ರಿ ಸಾಹೇಬ್ರ,” ಎಂದಿತು ಮಂದಿ. “ಅಜ್ಜನ ಮ್ಯಾಲ ಅಂವಂದು ಭಾಳ ಜೀವ.”

ಡಾಕ್ಟರರು ಮುಖ ಒರೆಸಿಕೊಂಡರು. “ನೋಡ್ರಿ, ಸಣ್ಣ ಹುಡುಗರ ಕಿವಿ ಸೋರೂದು ಲಗೂನ ಗೊತ್ತಾದ್ರ ಕಿವಿ ಉಳಸಬಹುದು. ಮುದುಕ್ರು ಯಾಕ ತತ್ತರಸ್ತಾರಂತ ಗೊತ್ತಾದ್ರ ಕಾಲ ಮುರಿಯೂದು ತಪ್ಪಸಬಹುದು. ಊರಾಗ ಯಾರಿಗೂ ಏನೂ ಆಗಿಲ್ಲಂದ್ರ ನಾವು ಮತ್ತ ಬರೂದ ಯಾಕ?”

ಯಾರಿಗೂ ಏನೂ ಆಗಿಲ್ಲ ಎಂಬಲ್ಲಿಗೆ ಮಂದಿ ಚಪ್ಪಾಳೆ ತಟ್ಟಿತು. ಮುಂದಿನ ಮಾತು ಅದರಲ್ಲಿ ಮುಳುಗಿತು.

ನನ್ನ ಪಾಳಿ ಬಂತು. ಬಲಗಿವಿ ಸುಸೂತ್ರವಾಗಿ ಮುಗಿಯಿತು. ಎಡಗಿವಿಯ ಬಳಿ ಚಿಮಟಾ ಬಂದಾಗ ಹಿಂದೆ ಕಣ್ಣು ಹೊರಳಿಸಿದೆ. ನನ್ನ ಹುಡುಗಿಯರು ಸಾಲಾಗಿ ನಿಂತು, ಅಕ್ಕೋರು ಹೇಗೆ ಕೈ ಎತ್ತುತ್ತಾರೆಂದು ಕಲಿತುಕೊಳ್ಳಲು ಕತ್ತು ಉದ್ದ ಮಾಡಿದ್ದರು. ನನಗೆ ಸಿಟ್ಟು ಬಂತು. ಜ್ವರ ಬಂದದ್ದು ನನಗೆ, ಕಿವಿ ಹೋದದ್ದು ನನ್ನದು, ಸುತ್ತುವ ತಲೆಯೂ ನನ್ನದೇ. ಇದರೊಳಗೆ ಊರಿನ ಮಾನ ಯಾವಾಗ ಬಂದು ಬಿಡಾರ ಹೂಡಿತು?

“ಕೇಳೂದಿಲ್ರಿ,” ಎಂದೆ.

ಹೆಡ್ ಮಾಸ್ತರರು ಕೆಮ್ಮಿದರು. “ಅಕ್ಕೋರು ಚಾಷ್ಟಿ ಮಾಡಾಕತ್ತಾರ್ರಿ ಸಾಹೇಬ್ರ.”

“ಚಾಷ್ಟಿ ಅಲ್ರಿ. ಸಣ್ಣಾಕಿ ಇದ್ದಾಗಿಂದ ಈ ಕಿವಿ ಕೇಳೂದಿಲ್ಲ. ಕಣ್ಣ ಮುಚ್ಚಿ ನಿಲ್ಲಸ್ರಿ, ಬಿದ್ದೂ ತೋರಸ್ತೀನಿ.”

ಕೊಟ್ಟ ಮಾತಿಗೆ ತಪ್ಪಲಿಲ್ಲ. ಕಣ್ಣು ಮುಚ್ಚಿದ ಕ್ಷಣಕ್ಕೆ ಎಡಕ್ಕೆ ವಾಲಿದೆ. ಕಂಪೌಂಡರ್ ಓಡಿಬಂದು ನನ್ನ ಮತ್ತು ನೆಲದ ನಡುವೆ ಬೆಂಚು ತಳ್ಳಿದ. ಡಾಕ್ಟರರ ಮುಖದಲ್ಲಿ ಆ ದಿನದ ಮೊದಲ ಸಂತೋಷ ಕಾಣಿಸಿತು. ಒಬ್ಬ ಹೆಂಗಸು ಬಿದ್ದರೆ ವಿಜ್ಞಾನಕ್ಕೆ ಇಷ್ಟು ಆನಂದವಾಗುತ್ತದೆಂದು ನಾನು ತಿಳಿದಿರಲಿಲ್ಲ. ಭಾನುವಾರ ಬಿಜಾಪುರದ ದವಾಖಾನೆಗೆ ಬರಲು ಹೇಳಿದರು. ಅಷ್ಟರಲ್ಲಿ ಅಜ್ಜಿಯಂದಿರು ನನ್ನ ಹುಡುಗಿಯರನ್ನು ರಟ್ಟೆ ಹಿಡಿದು ಸಾಲಿನಿಂದ ಎಳೆದೊಯ್ದಿದ್ದರು. ಸತ್ಯವೂ ದಡಾರದಂತೆ ಅಂಟುರೋಗ ಎಂದು ಅವರಿಗೆ ಅನಿಸಿರಬೇಕು.

ತಿಕೋಟಾ ಒಂದು ಕಿವಿಯಿಂದ ಸೋತಿತು. ಸೋಲನ್ನು ಒಪ್ಪಿಕೊಳ್ಳುವ ಊರು ಅದಲ್ಲ. ಚೊಚ್ಚಲ ಬಾಣಂತನ ತವರಿನಲ್ಲಿ ಆಗಬೇಕೆಂಬುದು ನಮ್ಮ ಕಡೆಯ ಪದ್ಧತಿ; ಆದ್ದರಿಂದ ನಾನು ಹುಟ್ಟಿದ್ದು ಬಬಲೇಶ್ವರದಲ್ಲಿ. ಜ್ವರ ಬಂದದ್ದೂ ಅಲ್ಲಿಯ ಅಜ್ಜನ ಮನೆಯಲ್ಲಿ. ಇದನ್ನು ಯಾರೋ ಕೆದಕಿ ತೆಗೆದರು. “ಕಿವಿ ಹುಟ್ಟಿದ್ದು ಅಲ್ಲೆ, ಕೆಟ್ಟಿದ್ದೂ ಅಲ್ಲೆ. ನಮ್ಮ ಊರಿಗೆ ಯಾಕ ಹಚ್ಚತೀರಿ?” ಎಂದು ಕಟ್ಟೆಯ ಮೇಲೆ ನ್ಯಾಯವಾಯಿತು. ಮಾವ ಮರುಬಸ್ಸಿಗೆ ಓಡಿಬಂದು, “ಕೊಟ್ಟ ಹೆಣ್ಣಿನ ಮಕ್ಕಳು ಕೊಟ್ಟ ಊರಿಗೇ ಸೇರಿದ್ದು, ಕಿವಿ ಸಹಿತ,” ಎಂದು ಸಾರಿದ. ಎರಡು ಊರುಗಳ ನಡುವೆ ನನ್ನ ಕಿವಿ ಗಡಿವಿವಾದವಾಗಿ ಬೆಳೆಯಿತು. ಅದನ್ನು ಹೊತ್ತು ತಿರುಗುವವಳನ್ನು ಮಾತ್ರ ಯಾರೂ ಏನೂ ಕೇಳಲಿಲ್ಲ. ಹಾಗಲ್ಲ, ಕಮಿಟಿ ಕೇಳಿತು: ಸೋಮವಾರ ಬಂದು ಹಾಜರಾಗಬೇಕು, ನೌಕರಿಯ ವಿಚಾರವಿದೆ ಎಂದು.

ಭಾನುವಾರ ಅವ್ವನೊಡನೆ ಬಿಜಾಪುರಕ್ಕೆ ಹೋದೆ. ಡಾಕ್ಟರರು ನಿಧಾನವಾಗಿ ನೋಡಿ, “ಈ ಕಿವಿ ಹೊಳ್ಳಿ ಬರೂದಿಲ್ಲವಾ. ತಲಿ ತಿರಗೂದಕ್ಕ ಸಾವಕಾಶ ತಿರಗೂದೇ ಔಷಧ. ಕೆಲಸಕ್ಕೇನೂ ಅಡ್ಡಿ ಇಲ್ಲ,” ಎಂದರು. ನಿಮ್ಮ ಊರಿಗೆ ಮತ್ತೆ ಬರುತ್ತೇನೆ, ಈ ಸಲ ಅಡ್ಡ ಬಟ್ಟೆ ಹಿಡಿದು, ಬಡಿದ ಚಿಮಟಾವನ್ನೂ ಬಡಿಯದ ಚಿಮಟಾವನ್ನೂ ಬೆರೆಸಿ ಹಿಡಿಯುತ್ತೇನೆ ಎಂದೂ ನಕ್ಕರು. ಹೊರಗೆ ಬಂದ ಮೇಲೆ ಅವ್ವ ಸೋಲೊಪ್ಪಲಿಲ್ಲ.

“ಇಷ್ಟ ದೂರ ಬಂದೀವಿ, ಗೋಳಗುಮ್ಮಟಕ್ಕ ನಡಿ ಬೇ. ಅಲ್ಲೆ ಪಿಸುಗುಟ್ಟಿದ್ದೂ ಕೇಳ್ತೈತಂತ.”

“ಅಲ್ಲೆ ಗೋಡಿಗೂ ಕಿವಿ ಕೇಳ್ತಾವು. ನನಗ್ಯಾಕ ಆ ಅಪಮಾನ?” ಎಂದೆ. ಅವ್ವ ಬೆಳಗಿನಿಂದ ಮೊದಲ ಸಲ ನಕ್ಕಳು. ಬಸ್ಸಿನಲ್ಲಿ ಅತ್ತಳು. “ನಾಳಿಗೆ ತಗದ ಹಾಕಿದ್ರ ಹೆಂಗ?” ಎಂದು ಅವಳು ಕೇಳಿದ್ದು ಬಲಗಿವಿಯ ಕಡೆಯಿಂದ. ಕೇಳಿಸಲಿಲ್ಲ ಎನ್ನುವ ಹಾಗಿರಲಿಲ್ಲ.

ಸೋಮವಾರ ಕಮಿಟಿಯ ಹಿರಿಯರು ಪಡಸಾಲೆಯಲ್ಲಿ ಕುರ್ಚಿ ಹಾಕಿ ಕೂತಿದ್ದರು. ಎಲ್ಲರೂ ಮೊನ್ನೆ ಕೈ ಎತ್ತಿ ಪಾಸಾದವರೇ. ಹೆಡ್ ಮಾಸ್ತರರು ಎದ್ದು, “ಕಿವಿ ಕೇಳದಾವ್ರು ಸಾಲಿ ಹೆಂಗ ಕಲಸ್ತಾರಂತ ಕಮಿಟಿ ಕೇಳಾಕತ್ತೈತ್ರಿ,” ಎಂದರು.

ನಾನು ಸಭ್ಯ ಹೆಂಗಸಿಗೆ ತಕ್ಕ ಮೆಲುದನಿಯಲ್ಲಿ ಹೇಳಿದೆ: “ಕಲಸಾಕ ಬೇಕಾದ್ದು ಬಾಯಿ. ಅದು ನೆಟ್ಟಗೈತ್ರಿ. ಹುಡುಗ್ಯಾರು ಓದಿದ್ದ ಕೇಳಾಕ ಒಂದ ಕಿವಿ ಸಾಕು.”

ಚೇರ್ಮನ್ನರು ಪಕ್ಕದವರ ಕಡೆ ಬಾಗಿ, “ಏನಂದ್ಳು?” ಎಂದರು. ಪಕ್ಕದವರು ತಮ್ಮ ಪಕ್ಕದವರನ್ನು ಕೇಳಿದರು. ಪ್ರಶ್ನೆ ಕೊನೆಯ ಕುರ್ಚಿಯ ತನಕ ಪ್ರಯಾಣ ಮಾಡಿ, ಉತ್ತರವಿಲ್ಲದೆ ಬರಿಗೈಲಿ ಮರಳಿತು. ಆಗ ನಾನು ದನಿ ಎತ್ತಿದೆ.

“ಡಾಕ್ಟರು ಮತ್ತ ಬರೋರದಾರ್ರಿ. ಈ ಸಲ ಅಡ್ಡ ಅರಿವಿ ಹಿಡೀತಾರಂತ. ಬಡೀದ ಚಿಮಟಾನೂ ಹಿಡೀತಾರಂತ. ಅದಕ್ಕ ಕೈ ಎತ್ತಿದ್ರ ಏನ್ ತಿಳ್ಕೋತಾರೋ ನೀವ ವಿಚಾರ ಮಾಡ್ರಿ. ಕಿವಿ ಮಂದ ಇದ್ದಾವ್ರು ಸಾಲಿ ಬಿಡಬೇಕಂದ್ರ ನಾ ಈಗ ಬಿಡ್ತೀನಿ. ಆದ್ರ ಕಮಿಟಿಯವ್ರು ಮೊದಲ ಬಿಡಬೇಕು. ಹಿರ್ಯಾರು ಮುಂದ ನಡದ್ರ ನಾವು ಹಿಂದ ಬರೂದು ಶೋಭಾ.”

ಇದು ಎಲ್ಲರಿಗೂ ಕೇಳಿಸಿತು. ಕೊನೆಯ ಕುರ್ಚಿಗೂ.

ಚೇರ್ಮನ್ನರು ಬಹಳ ಹೊತ್ತು ತಮ್ಮ ಕೋಲಿನ ಹಿಡಿಯನ್ನು ಪರಿಶೀಲಿಸಿದರು. “ನಡಿಯವಾ, ಪಾಠ ಮಾಡು,” ಎಂದರು ಕಡೆಗೆ. “ಆದ್ರ ಇದನ್ನ ಯಾರ ಮುಂದೂ ಹೇಳಬ್ಯಾಡ.”

“ಹೇಳ್ತೀನ್ರಿ,” ಎಂದೆ. ಡಾಕ್ಟರರ ಅಪ್ಪಣೆಯಂತೆ ಸಾವಕಾಶವಾಗಿ ತಿರುಗಿ ತರಗತಿಗೆ ನಡೆದೆ.

ಹೇಳಿದೆ ಕೂಡ. ಹಾಜರಿ ಮುಗಿಸಿ, ನನ್ನ ಎಡಗಿವಿ ಕೇಳುವುದಿಲ್ಲ, ಆ ಕಡೆಯವರು ಮಾತಾಡುವುದಿದ್ದರೆ ಎದ್ದು ನಿಲ್ಲಬೇಕು ಎಂದೆ. ಮಧ್ಯಾಹ್ನದ ಬಿಡುವು ಮುಗಿಯುವಷ್ಟರಲ್ಲಿ ಶಾಲೆಯ ಸಮಸ್ತ ಹರಟೆಮಲ್ಲಿಯರು ನನ್ನ ಎಡಬದಿಗೆ ವಲಸೆ ಬಂದಿದ್ದರು. ನಾನು ಆಕ್ಷೇಪಿಸಲಿಲ್ಲ. ಆದರೆ ಒಬ್ಬಳು ಎಲ್ಲರೂ ಹೋದ ಮೇಲೆ ನಿಂತು, “ನನ್ನ ಕಿವಿ ಸೋರ್ತೈತ್ರಿ ಅಕ್ಕೋರ. ಅಮ್ಮ ಯಾರಿಗೂ ಹೇಳಬ್ಯಾಡಂದಾಳ,” ಎಂದಳು. ಅಮ್ಮ ಅಂದರೆ ಅವಳ ಅಜ್ಜಿ.

ಅವಳ ತಾಯಿಯನ್ನು ಕಂಡು ಒಪ್ಪಿಸಿದೆ. ಮುಂದಿನ ಭಾನುವಾರ ಮೂವರೂ ಬಿಜಾಪುರದ ಬಸ್ಸಿಗೆ ನಿಂತೆವು. ಅಜ್ಜಿ ಬಸ್‌ಸ್ಟ್ಯಾಂಡಿಗೇ ಬಂದು, ಹುಡುಗಿಗೆ ಇನ್ನು ವರ ಸಿಗುವುದಿಲ್ಲ, ಅಕ್ಕೋರ ಮನೆತನ ಹಾಳಾಗಲಿ ಎಂದು ಇಡೀ ತಿಕೋಟಾಕ್ಕೆ ಕೇಳುವಂತೆ ಒದರಿದಳು. ನಾನು ಎಡಗಿವಿಯನ್ನು ಅವಳ ಕಡೆ ಮಾಡಿ ಹುಡುಗಿಯ ಕೈ ಹಿಡಿದು ಬಸ್ ಹತ್ತಿಸಿದೆ.