ಸರದಿಯ ಇಂಟರ್‌ನೆಟ್ಟು

ಮೊನ್ನೆ ಸತ್ಯಮಂಗಲದ ಲಾಡ್ಜೊಂದರಲ್ಲಿ ಉಳಿದಿದ್ದಾಗ ನನ್ನ ಫೋನು ಹಿಂದೊಮ್ಮೆ ಉಳಿದಿದ್ದ ಪರಿಚಯದ ಮೇಲೆ ಅಲ್ಲಿಯ ವೈಫೈಗೆ ಅಂಟಿಕೊಳ್ಳಲು ಹೋಗಿ, ‘ವಿಳಾಸ ಪಡೆಯಲಾಗುತ್ತಿದೆ’ ಎಂದು ತೋರಿಸುತ್ತ ನಿಂತುಬಿಟ್ಟಿತು. ನಿಂತದ್ದು ಫೋನು, ಬೆವರಿದ್ದು ನಾನು. ಐವತ್ತು ದಾಟಿದವನು ಇಷ್ಟಕ್ಕೆಲ್ಲ ಬೆವರಬಾರದು, ನಿಜ. ಆದರೆ ಬಸ್ಸು ಸರಿಯಾಗಿ ಬಂದರೂ ಇಷ್ಟು ಸರಿಯಾಗಿ ಯಾಕೆ ಬಂತು ಎಂದು ಯೋಚಿಸುವವರ ಪೈಕಿ ನಾನು. ಅಲ್ಲದೆ ಆ ಎರಡು ಪದಗಳೊಂದಿಗೆ ನನಗೆ ಹಳೆಯ ವ್ಯಾಜ್ಯವಿದೆ. ಬಿಡುವಿದ್ದರೆ ಕೇಳಿ.

ಎರಡು ಸಾವಿರದ ಒಂಬತ್ತರ ಆಸುಪಾಸು. ನಾನೂ ತಮ್ಮ ಮಾದೇಶನೂ ಪಾಲಾಗಿ, ಒಂದೇ ಮನೆಯ ನಡುವೆ ಗೋಡೆ ಎಬ್ಬಿಸಿಕೊಂಡಿದ್ದೆವು. ಹೊಲ ಪಾಲಾಯಿತು, ದನ ಪಾಲಾದವು. ಬಾವಿಯನ್ನು ಮಾತ್ರ ಕೊಯ್ಯಲಾಗದೆ ಸರದಿ ಮಾಡಿಕೊಂಡೆವು. ಒಂದು ವಾರ ಅವನ ಕೋಸಿಗೆ ನೀರು, ಮುಂದಿನ ವಾರ ನನ್ನ ಅರಿಸಿನಕ್ಕೆ. ಸರದಿ ಇದ್ದವನ ಕೈಯಲ್ಲೇ ಮೋಟಾರು ಮನೆಯ ಬೀಗ. ನಡುವೆ ಯಾರಿಗಾದರೂ ತುರ್ತಾಗಿ ನೀರು ಬೇಕಾದರೆ ಕೊಡಬೇಕು, ಆದರೆ ಯಾವ ಬೆಳೆಗೆ ಎಂದು ಕೇಳಿದವನು ಹೇಳಬೇಕು.

ಟೆಲಿಫೋನು ತಮ್ಮನ ಪಾಲಿಗೆ ಹೋಗಿತ್ತು. ಅದಕ್ಕೆ ಬ್ರಾಡ್‌ಬ್ಯಾಂಡ್ ಬಂದಾಗ, ಗೋಡೆಯಾಚೆಗೂ ಹಾಯಲೆಂದು ಎರಡು ಕೊಂಬಿನ ವೈರ್‌ಲೆಸ್ ಡಬ್ಬಿ ತಂದಿಟ್ಟ. ನಾನೂ ಚಾಮರಾಜನಗರದಿಂದ ಹಳೆಯ ಕಂಪ್ಯೂಟರೊಂದನ್ನು ಹೊತ್ತು ತಂದೆ. ತಿಂಗಳಿಗೆ ಇಂತಿಷ್ಟೇ ಬಳಕೆ, ದಾಟಿದರೆ ಬಿಲ್ಲು ಏರುತ್ತದೆ ಎಂದು ಕೇಳಿದ್ದೇ ನನ್ನ ನಿದ್ದೆ ಹಾರಿತು.

“ಇಬ್ರೂ ಒಟ್ಗೆ ಎಳುದ್ರೆ ತಳ ಕಂಡೋಯ್ತದ ಕಣ್ಲಾ. ಬಾವಿ ಅಂಗೇ ಸರ್ದಿ ಮಾಡ್ಕಳವ,” ಅಂದೆ.

ತಮ್ಮ ನಕ್ಕು ಒಪ್ಪಿದ. ಆಮೇಲೆ ಅವನ ವಾರದಲ್ಲೂ ನಾನು ಒಂದಿಷ್ಟು ಕದ್ದು ನೋಡುತ್ತಿದ್ದೆ ಎನ್ನುವುದು ಬೇರೆ ಮಾತು.

ತಂಗಿ ಮಂಜುಳ ನನ್ನ ಮನೆಯಲ್ಲಿದ್ದಳು, ತಾಳವಾಡಿಯ ನರ್ಸರಿ ಶಾಲೆಯಲ್ಲಿ ಟೀಚರು. ಮೈಸೂರಿನ ಚಿಕ್ಕಮ್ಮ ಅವಳಿಗೊಂದು ಸಂಬಂಧ ತಂದರು. “ಮೊಕ ನೋಡ್ದೆ ಬರಕ್ಕೇಳ್ಬ್ಯಾಡ ಅಣ್ಣ. ಬಂದು ಉಪ್ಪಿಟ್ಟು ತಿಂದ್ಮೇಲೆ ಬ್ಯಾಡ ಅಂದ್ರೆ ಎಲ್ರೂ ನನ್ನೇ ಬಯ್ತೀರಿ,” ಎಂದಳು ಮಂಜುಳ. ಸರಿ, ಹುಡುಗನ ಫೋಟೋ ಅವಳ ಇಮೇಲಿಗೆ ಬಂತು. ಸಂಜೆಯೊಳಗೆ ಉತ್ತರ ಬೇಕು. ಇಲ್ಲದಿದ್ದರೆ ಗಂಡಿನವರು ಕೊಳ್ಳೇಗಾಲದ ಕಡೆ ಇನ್ನೊಂದು ಹೆಣ್ಣು ನೋಡಲು ಹೊರಡುತ್ತಾರೆ.

ಮಾದೇಶನಿಗೆ ನಾನು ಹೇಳಿರಲಿಲ್ಲ. ಹಿಂದಿನ ಸಂಬಂಧವನ್ನು ಅವನು ಸಂತೆಯಲ್ಲೆಲ್ಲ ಸಾರಿ, ಹೆಣ್ಣು ನೋಡಲು ಬಂದ ಗಂಡನ್ನು ನೋಡುವುದಕ್ಕೇ ಅರ್ಧ ಊರು ಸೇರಿ, ಆ ಹುಡುಗ ಕಾಫಿಯನ್ನೂ ಮುಗಿಸದೆ ಎದ್ದಿದ್ದ. ಈ ಸಲ ಗಟ್ಟಿಯಾಗುವ ತನಕ ಗುಟ್ಟು ಎಂದುಕೊಂಡಿದ್ದೆ.

ಕಂಪ್ಯೂಟರ್ ಹಾಕಿದೆ. ಪರದೆಯ ಮೂಲೆಯಲ್ಲಿ ಪುಟ್ಟ ಚುಕ್ಕೆಯೊಂದು ಅತ್ತಿಂದಿತ್ತ ಓಡುತ್ತ, ವಿಳಾಸ ಪಡೆಯುತ್ತಿದ್ದೇನೆ ಎಂದು ಇಂಗ್ಲಿಷಿನಲ್ಲಿ ಹೇಳಿತು. ಗೋಡೆಯಾಚೆಯ ಡಬ್ಬಿ ನಮ್ಮ ಕಂಪ್ಯೂಟರಿಗೆ ಅಂಕಿಗಳಲ್ಲೊಂದು ವಿಳಾಸ ಕೊಡಬೇಕಂತೆ; ಅದು ಸಿಗುವ ತನಕ ಒಂದು ಕಾಗದವೂ ಒಳಗೆ ಬಾರದು. ಸಿಗ್ನಲ್ ಕೇಳಿದರೆ ‘ಅತ್ಯುತ್ತಮ’. ವಿಳಾಸ ಕೇಳಿದರೆ ಚುಕ್ಕೆಯ ಓಟ. ಓಡಿ ಓಡಿ ಸುಸ್ತಾಗಿ ಕೊನೆಗೆ ಒಂದು ಹಳದಿ ಗುರುತು. ‘ರಿಪೇರಿ’ ಎಂಬ ಗುಂಡಿ ಇತ್ತು, ಒತ್ತಿದೆ. ರಿಪೇರಿ ಆಗಲಿಲ್ಲ ಎಂದು ಅದೇ ಹೇಳಿತು.

ಹಿಂಬದಿಯ ಆಂಟೆನಾ ಕಿತ್ತು, ಪಂಚೆಯಲ್ಲಿ ಒರೆಸಿ, ಊದಿ ಸಿಕ್ಕಿಸಿದೆ. ಮೇಜನ್ನು ಗೋಡೆಗೆ ಒತ್ತಿದೆ. ಅಡ್ಡ ಬರುತ್ತಿರಬಹುದೆಂದು ದೇವರ ಪಟವನ್ನೂ ಇಳಿಸಿ ತಪ್ಪಾಯ್ತಪ್ಪ ಎಂದೆ. ವೈರಸ್ಸೋ, ಸಿಡಿಲೋ, ಜೀರಹಳ್ಳಿ ಕಡೆ ಆನೆ ಕಂಬ ಉರುಳಿಸಿತೋ? ತಾಳವಾಡಿಯ ಬ್ರೌಸಿಂಗ್ ಸೆಂಟರಿಗೆ ಓಡಬಹುದಿತ್ತು, ಆದರೆ ಅದರ ಮಾಲೀಕ ಮಾದೇಶನ ಗೆಣೆಕಾರ. ಮೊಬೈಲು ಹಿಡಿದು, ಸಿಗ್ನಲ್ ಸಿಗುವ ಗೊಬ್ಬರದ ದಿಬ್ಬ ಹತ್ತಿ ಸಹಾಯವಾಣಿಗೆ ಫೋನು ಮಾಡಿದೆ.

“ಸಾರ್, ರೀಸ್ಟಾರ್ಟ್ ಪಣ್ಣುಂಗ,” ಎಂದಿತು ತಮಿಳಿನ ದನಿ. ನಮ್ಮ ತಾಳವಾಡಿ ಸೇರಿರುವುದು ತಮಿಳುನಾಡಿಗೆ.

ದಿಬ್ಬ ಇಳಿದು ಹೋಗಿ ಮಾಡಿದೆ. ಮತ್ತೆ ಹತ್ತಿ ಬಂದು ಆಗಲಿಲ್ಲ ಎಂದೆ.

“ಪಾಸ್‌ವರ್ಡ್ ಸರಿಯಾ ಇರುಕ್ಕಾ ಸಾರ್?”

ನನಗೆ ರೇಗಿತು. ತಪ್ಪಾಗಿದ್ದರೆ ಯಂತ್ರ ಬಾಯಿಬಿಟ್ಟು ಹೇಳುವುದಿಲ್ಲವೇ? ಕೆಲವು ಡಬ್ಬಿಗಳು ಹೇಳುವುದಿಲ್ಲ ಎಂದು ತಿಳಿದದ್ದು ಆಮೇಲೆ. ಬಂದವನನ್ನು ಬಾ ಬಾ ಎಂದು ಕರೆದು, ಜಗುಲಿಯಲ್ಲಿ ಕೂರಿಸಿ, ಒಳಗೆ ಹೋಗಿ ಮಲಗಿಬಿಡುವ ನೆಂಟರ ಹಾಗೆ.

ಮಧ್ಯಾಹ್ನ ಕಳೆಯಿತು. ಮಂಜುಳ ಬಾಗಿಲಿಗೊರಗಿ ನಿಂತಿದ್ದಳು. “ಗೋಡೆ ತಳ್ಳೋದ್ಕಿಂತ ಗೋಡೆ ಆಚ್ಗಿರೋನ್ನ ಕೇಳ್ಬಾರ್ದಾ ಅಣ್ಣ?”

ಬೇರೆ ದಾರಿ ಇರಲಿಲ್ಲ. ಹಿತ್ತಲಿಗೆ ಹೋಗಿ ಕೂಗಿದೆ: “ಲೋ ಮಾದೇಸ, ಇಂಟರ್ನೆಟ್ಟು ಅದೇನ್ಲಾ?”

“ಇಲ್ದೇ ಏನಣ್ಣ? ನೆನ್ನೆಯಿಂದ ನನ್ ಸರ್ದಿ ಅಲ್ವಾ, ಪಾಸ್ವರ್ಡ್ ಬದ್ಲಾಯಿಸ್ಬುಟ್ಟೆ. ಮೋಟ್ರು ಮನೆಗೆ ಬೀಗ ಆಕಲ್ವಾ, ಅಂಗೆ. ನೀನೇ ಮಾಡಿದ್ ಕಾನೂನು.”

“ಒಸಿ ಕೊಡ್ಲಾ, ಕೆಲ್ಸ ಅದ.”

“ಏನ್ಕೆ?”

ಕೆಮ್ಮಿದೆ. “ಅರಿಸಿನದ ರೇಟು ನೋಡ್ಬೇಕಿತ್ತು.”

“ಅಷ್ಟೇಯಾ? ನಾನೇ ನೋಡಿ ಏಳ್ತೀನಿ ಬುಡು.”

ನಾನು ಇನ್ನೊಂದು ಸುಳ್ಳು ಹುಡುಕುವಷ್ಟರಲ್ಲಿ ಮಂಜುಳ ಬೇಲಿಗೇ ಬಂದು ಕೂಗಿದಳು: “ಸಣ್ಣಣ್ಣ, ನನ್ ನೋಡಕ್ಕೆ ಬರೋ ಗಂಡಿನ ಫೋಟೋ ಬಂದದ, ಕೊಡು!”

ಮಾದೇಶ ಕಾಲಿನ ಕೆಸರೂ ತೊಳೆಯದೆ ನಮ್ಮ ನಡುಮನೆಗೇ ಬಂದ. “ನಂಗೇಳ್ದೆ ಮದ್ವೆ ಮಾಡ್ಬುಡವ ಅಂತಿದ್ದಾ?” ಎಂದ, ನನ್ನ ಕಡೆ ನೋಡದೆ. ದನಿ ಸಣ್ಣದಾಗಿತ್ತು, ಬೈದಿದ್ದರೆ ವಾಸಿಯಿತ್ತು. ಕೂತು ಹೊಸ ಪಾಸ್‌ವರ್ಡ್ ಒತ್ತಿದ. ಚುಕ್ಕೆ ಒಮ್ಮೆ ಅತ್ತ, ಒಮ್ಮೆ ಇತ್ತ ಹೋಗಿ ನಿಂತಿತು. ಬೆಳಗಿನಿಂದ ಕಾಡಿದ ವಿಳಾಸ ಸಿಕ್ಕಿತು. ಇಬ್ಬರೂ ಪರದೆಗೆ ಬಗ್ಗಿದೆವು.

“ಇಬ್ರೂ ಒಸಿ ಆಚ್ಗೋಗಿ,” ಎಂದಳು ಮಂಜುಳ.

ಅಂಗಳದಲ್ಲಿ ನಿಂತೆವು. ಅವನು ಆಕಾಶ ನೋಡಿದ, ನಾನು ಅವನ ಕೆಸರುಗಾಲು. “ಚೆಂದಾಗವ್ನ?” ಎಂದ. “ನಾನೆಲ್ಲಿ ನೋಡಿದ್ದೀನ್ಲಾ,” ಅಂದೆ. ಬಾಗಿಲು ತೆರೆಯಿತು.

“ಬ್ಯಾಡ ಅಂತೇಳಿ ಚಿಕ್ಕಮ್ಮಂಗೆ. ಫೋಟೋದಲ್ಲಿ ಮುಕ್ಕಾಲು ಕಾರು ಅದ, ಕಾಲು ಆಳು ಅವ್ನ.”

“ನಾವೂ ಒಂದ್ಸಲ ನೋಡ್ತೀವಿ ತಡಿ!”

“ಅಳಿಸಾಕ್ದೆ.”

ದಿನವಿಡೀ ನನ್ನ ಜೀವ ತಿಂದ ಆ ಮುಖವನ್ನು ನಾವಿಬ್ಬರೂ ಇವತ್ತಿಗೂ ನೋಡಿಲ್ಲ. ಆ ಸಂಜೆ ಚಿಕ್ಕಮ್ಮನಿಗೆ ತಮ್ಮನ ಮನೆಯ ಫೋನಿನಿಂದಲೇ ಬೇಡವೆಂದು ಹೇಳಿ, ಬೈಸಿಕೊಂಡು, ಅಲ್ಲೇ ಊಟ ಮಾಡಿ ಬಂದೆ. ಪಾಲಾದ ಮೇಲೆ ಅಲ್ಲಿ ಉಂಡದ್ದು ಅದೇ ಮೊದಲು. ಮುಂದಿನ ವರ್ಷ ಮಂಜುಳ ತಾನೇ ಒಬ್ಬನನ್ನು ಆರಿಸಿ, ನಮ್ಮಿಬ್ಬರನ್ನೂ ಒಟ್ಟಿಗೆ ಕೂರಿಸಿ ಹೇಳಿದಳು: “ಈ ಸಲ ಫೋಟೋ ಇಲ್ಲ, ಆಳೇ ಬತ್ತನ. ನೋಡ್ಕಳಿ.”

ಮೊನ್ನೆ ಲಾಡ್ಜಿನಲ್ಲಿ ನಾನು ಏನನ್ನೂ ಕೀಳಲಿಲ್ಲ, ಊದಲಿಲ್ಲ. ನೇರವಾಗಿ ಕೆಳಗಿಳಿದು ಕೌಂಟರಿನಲ್ಲಿ ವೈಫೈ ಬೇಕಾಗಿತ್ತು ಎಂದೆ. ಅಲ್ಲಿದ್ದಾತ ತಲೆಯೆತ್ತದೆ ಹೊಸ ಪಾಸ್‌ವರ್ಡ್ ಹೇಳಿದ. ಏನ್ಕೆ ಎಂದು ಕೇಳಲಿಲ್ಲ. ಕೇಳುತ್ತಾನೇನೋ ಎಂದು ಸ್ವಲ್ಪ ಹೊತ್ತು ಅಲ್ಲೇ ನಿಂತಿದ್ದು, ಮೇಲೆ ಬಂದೆ.