ನಿಝಾರನ ಕೋಣೆಯ ಫ್ಯಾನು

ಸಿದ್ಧಕಟ್ಟೆಯ ರುಕಿಯಾಳ ಮನೆಯಲ್ಲಿ ಫ್ಯಾನು ತಿರುಗುವುದಿಲ್ಲ ಎಂಬುದು ಊರಿಗೆಲ್ಲ ಗೊತ್ತಿತ್ತು. ಏಪ್ರಿಲಿನ ಸೆಕೆಯಲ್ಲಿ ಬಂದ ನೆಂಟರು ಪೇಪರು ಮಡಚಿ ಗಾಳಿ ಹಾಕಿಕೊಂಡು, ಚಾ ಕುಡಿದ ಶಾಸ್ತ್ರ ಮಾಡಿ ಎದ್ದುಬಿಡುತ್ತಿದ್ದರು. ಕರೆಂಟು ಇರಲಿಲ್ಲವೆಂದಲ್ಲ, ಫ್ಯಾನೂ ಇತ್ತು. ಮಗ ನಿಝಾರ್ ಗಲ್ಫಿನಿಂದ ತಂದ ಒಳ್ಳೆಯ ಟೇಬಲ್ ಫ್ಯಾನು ಚಾವಡಿಯ ಮೂಲೆಯಲ್ಲಿ ಜರಿಯಂಚಿನ ಬಟ್ಟೆ ಹೊದ್ದು ಕೂತಿತ್ತು. ಅದನ್ನು ಮುಟ್ಟುವ ಧೈರ್ಯ ಯಾರಿಗೂ ಇರಲಿಲ್ಲ.

ನಿಝಾರ್ ಈಗ ಇಲ್ಲ. ಅಲ್ಲಿಯ ಸುಡುಬಿಸಿಲಿನಲ್ಲಿ ಕಟ್ಟಡದ ಕೆಲಸ ಮಾಡುತ್ತಿದ್ದವನು ಒಂದು ಮಧ್ಯಾಹ್ನ ಕುಸಿದು ಬಿದ್ದವನು ಏಳಲೇ ಇಲ್ಲ. ಮಯ್ಯತ್ತನ್ನು ಅಲ್ಲಿಯೇ ದಫನ್ ಮಾಡಿದರು. ಇಲ್ಲಿ ಕೂತು ಅಳಲಿಕ್ಕೆ ಒಂದು ಹಿಡಿ ಮಣ್ಣೂ ಇಲ್ಲ. ಸುದ್ದಿ ಬಂದ ಕೆಲವು ದಿನಗಳಲ್ಲಿ, ರಜೆಯಲ್ಲಿ ಊರಿಗೆ ಬಂದ ಒಬ್ಬರು ಒಂದು ಕ್ಯಾಸೆಟ್ ತಂದುಕೊಟ್ಟರು. ಕಾಗದ ಬರೆಯಲು ಉದಾಸೀನವಿದ್ದವರು ಆಗೆಲ್ಲ ಕ್ಯಾಸೆಟಿನಲ್ಲಿ ಮಾತಾಡಿ ಕಳಿಸುತ್ತಿದ್ದರಲ್ಲ, ಹಾಗೆ ಅವನು ಬದುಕಿದ್ದಾಗ ಕೊಟ್ಟು ಕಳಿಸಿದ್ದು. ಸತ್ತ ಸುದ್ದಿಯ ಬೆನ್ನಿಗೇ ಸತ್ತವನ ಸ್ವರ ಮನೆಗೆ ಬಂದರೆ ತಾಯಿ ಎಂತ ಮಾಡಬೇಕು, ನೀವೇ ಹೇಳಿ!

"ಉಮ್ಮಾ, ಇಲ್ಲಿಯ ಸೆಕೆ ನಿಮಗೆ ಅಂದಾಜಾಗಲಿಕ್ಕಿಲ್ಲ. ರೂಮಿನ ಫ್ಯಾನು ಹಾಳಾಗಿದೆ. ಮಲಗುವ ಜಾಗ ರೊಟ್ಟಿ ಸುಡುವ ಕಾವಲಿಯ ಹಾಗೆ ಉಂಟು," ಎನ್ನುತ್ತಿದ್ದ ನಿಝಾರ್. ಆಮೇಲೆ ನಗುತ್ತಿದ್ದ. ನಕ್ಕು, ತಂಗಿಯ ಹೆಸರು ಕರೆಯುತ್ತಿದ್ದ.

ಅಂದಿನಿಂದ ರುಕಿಯಾ ಫ್ಯಾನು ಹಾಕಲಿಲ್ಲ. "ನನ್ನ ಮಗನಿಗಿಲ್ಲದ ಗಾಳಿ ನನಗೆ ಯಾಕೆ?" ಅಂದಳು. ಮತ್ತೆ ಯಾರೂ ಕೇಳಲಿಲ್ಲ.

ಆ ತಂಗಿಯೇ ಸಾಲಿಹಾ. ಮೂಡುಬಿದಿರೆಯಲ್ಲಿ ಕಂಪ್ಯೂಟರ್ ಕ್ಲಾಸಿಗೆ ಹೋಗಿ ಕಲಿತು, ಬಂಟ್ವಾಳದ ಒಂದು ಅಂಗಡಿಯಲ್ಲಿ ಮದುವೆ ಕಾಗದ, ಶ್ರದ್ಧಾಂಜಲಿ, ಕಬಡ್ಡಿ ಪಂದ್ಯಾಟದ ನೋಟೀಸು ಟೈಪ್ ಮಾಡುವ ಕೆಲಸದಲ್ಲಿದ್ದಳು. ಮಾತು ಕಡಿಮೆ, ಹಠ ಜಾಸ್ತಿ. ಪ್ರತಿ ಶುಕ್ರವಾರ ಅಸರ್ ನಮಾಜಿನ ನಂತರ ಉಮ್ಮ ಹಳೆಯ ಟೇಪ್ ರೆಕಾರ್ಡರಿನಲ್ಲಿ ಆ ಕ್ಯಾಸೆಟ್ ಹಾಕುವಾಗ ಅವಳೂ ಪಕ್ಕದಲ್ಲಿ ಕೂರುತ್ತಿದ್ದಳು. ವರ್ಷಗಳು ಹೋದ ಹಾಗೆ ಟೇಪು ಸವೆಯಿತು. ಅಣ್ಣನ ಸ್ವರ ದಪ್ಪವಾಗಿ ಎಳೆದಾಡತೊಡಗಿತು. ಬೇರೆ ಯಾರೋ ಒಬ್ಬ ಒಳಗೆ ಕೂತು ನಿಝಾರನ ಮಾತು ಆಡುತ್ತಿದ್ದಾನೆ ಎಂದು ಸಾಲಿಹಾಳಿಗೆ ಹೆದರಿಕೆಯಾಗುತ್ತಿತ್ತು. ಇನ್ನು ಸ್ವಲ್ಪ ದಿನದಲ್ಲಿ ಟೇಪು ತುಂಡಾಗುತ್ತದೆ, ಅಣ್ಣ ಎರಡನೆಯ ಸಲ ಸಾಯುತ್ತಾನೆ. ಅದಕ್ಕೆ ಮೊದಲು ಅವನ ಸ್ವರವನ್ನು ಸಿಡಿಗೆ ಇಳಿಸಬೇಕು. ಬೇರೆಯವರ ಅಂಗಡಿಗೆ ಕೊಂಡುಹೋಗಲು ಉಮ್ಮ ಸುತರಾಂ ಒಪ್ಪಲಿಲ್ಲ. ಹಾಗಾದರೆ ಕಂಪ್ಯೂಟರನ್ನೇ ಮನೆಗೆ ತರುವ ಎಂದು ಸಾಲಿಹಾ ಹೊರಟಳು.

ಕಂಪ್ಯೂಟರ್ ಕಲಿಸಿದ ಧರ್ಣಪ್ಪ ಈಗ ಮೂಡುಬಿದಿರೆಯಲ್ಲಿ ಬಿಡಿಭಾಗಗಳ ಅಂಗಡಿ ಇಟ್ಟಿದ್ದರು. ಸಾಲಿಹಾ ಅಲ್ಲಿ ಒಂದೊಂದನ್ನೂ ಅಳೆದು ಸುರಿದು ಆರಿಸಿದಳು. ಪ್ರೊಸೆಸರ್ ಕಡಿಮೆ ದರದ್ದು ಸಾಕು, ಮೆಮೊರಿ ಸೆಕೆಂಡ್ ಹ್ಯಾಂಡ್ ಆದರೂ ಅಡ್ಡಿಯಿಲ್ಲ, ಮಾನಿಟರ್ ಬಂಟ್ವಾಳದ ಅಂಗಡಿಯವರು ಬದಿಗಿಟ್ಟ ಹಳೆಯದು ನಡೆಯುತ್ತದೆ. ಆದರೆ ಸಿಡಿ ಬರೆಯುವ ಡ್ರೈವ್ ಮಾತ್ರ ಒಳ್ಳೆಯದೇ ಆಗಬೇಕು.

"ಕಂಪ್ಯೂಟರ್ ಡಬ್ಬಿಯ ಹಿಂದೆ ಇನ್ನೊಂದು ಫ್ಯಾನು ಹಾಕುವ ಸಾಲಿಹಾ. ನಮ್ಮ ಊರಿನ ಸೆಕೆಗೆ ಬೇಕೇ ಬೇಕು," ಅಂದರು ಧರ್ಣಪ್ಪ.

"ಬೇಡ ಸರ್. ಶಬ್ದ ಆಗ್ತದೆ."

"ಆದ್ರೆ ಎಂತ? ನೀನು ಅದರ ಹತ್ರ ಮಲಗ್ತೀಯಾ ಮಾರಾಯ್ತಿ?"

ಸಾಲಿಹಾಳಿಗೆ ಕಾರಣವಿತ್ತು. ಟೇಪ್ ರೆಕಾರ್ಡರಿನ ಇಯರ್‌ಫೋನ್ ತೂತು ತುಕ್ಕು ಹಿಡಿದಿತ್ತು, ವಯರು ಸಿಕ್ಕಿಸುವಂತಿರಲಿಲ್ಲ. ಅದನ್ನು ಬಿಚ್ಚಲು ಉಮ್ಮ ಬಿಡಬೇಕಲ್ಲ! ಉಳಿದದ್ದು ಒಂದೇ ದಾರಿ, ಸ್ಪೀಕರಿನ ಎದುರು ಮೈಕ್ ಇಟ್ಟು ಹಿಡಿಯುವುದು. ಆಗ ಫ್ಯಾನಿನ ಗುಂಯ್‌ಗುಡುವಿಕೆಯೂ ಅಣ್ಣನ ಸ್ವರದ ಜೊತೆ ಸೇರಿಬಿಡುತ್ತದೆ. ಅದು ಅವಳಿಗೆ ಬೇಡವಾಗಿತ್ತು.

ಬಸ್ಸಿನಲ್ಲಿ ಡಬ್ಬಿಯನ್ನು ಕೂಸಿನ ಹಾಗೆ ತೊಡೆಯ ಮೇಲೆ ಇಟ್ಟುಕೊಂಡು ಬಂದಳು. ಚಾಪೆಯ ಮೇಲೆ ಎಲ್ಲ ಹರಡಿ, ಪ್ರೊಸೆಸರಿಗೆ ಬೂದುಬಣ್ಣದ ಅಂಟು ಸವರಿ, ಅದರ ಮೇಲೆ ಶಾಖ ಹೀರುವ ಲೋಹದ ತುಂಡನ್ನೂ ಪುಟ್ಟ ಫ್ಯಾನನ್ನೂ ಕೂರಿಸಿ ಸ್ಕ್ರೂ ಹಾಕಿದಳು. ಬಟನ್ ಒತ್ತಿದರೆ ಆ ಪುಟ್ಟ ಫ್ಯಾನೇ ಎಷ್ಟು ಗಲಾಟೆ ಮಾಡಬೇಕು! ಸಾಲಿಹಾ ನಾಲ್ಕೂ ಬದಿ ನೋಡಿದಳು. ಕಪಾಟಿನಿಂದ ಅಣ್ಣನ ದಪ್ಪ ಗಲ್ಫ್ ಕಂಬಳಿ ತೆಗೆದು ಡಬ್ಬಿಗೆ ಸುತ್ತಿದಳು. ಶಬ್ದ ಅಡಗಿತು. ಬುದ್ಧಿ ಅಂದರೆ ಇದು ಅಂದುಕೊಂಡಳು ಪಾಪ.

ಟೇಪು ಓಡಿತು. ನಿಝಾರ್ ಎಲ್ಲರ ಕ್ಷೇಮ ಕೇಳಿದ, ಹಟ್ಟಿಯ ಆಡಿನದ್ದೂ ಕೇಳಿದ. "ಇಲ್ಲಿಯ ಸೆಕೆ ನಿಮಗೆ ಅಂದಾಜಾಗಲಿಕ್ಕಿಲ್ಲ. ರೂಮಿನ ಫ್ಯಾನು" ಎನ್ನುವಾಗ ಪರದೆ ಕಪ್ಪಾಯಿತು. ಕರೆಂಟು ಹೋಗಿರಲಿಲ್ಲ. ಟೇಪಿನಲ್ಲಿ ಅವನು ಮಾತಾಡುತ್ತಲೇ ಇದ್ದ, ನಗುತ್ತಲೇ ಇದ್ದ. ಹಿಡಿದಿಟ್ಟದ್ದೆಲ್ಲ ಅಳಿಸಿಹೋಗಿತ್ತು.

ಊಟ ಮುಗಿಸಿ ಮೊದಲಿನಿಂದ ಶುರು ಮಾಡಿದಳು. ಮತ್ತೆ ಅದೇ ಮಾತು, ಅದೇ ಜಾಗದಲ್ಲಿ ಕತ್ತಲೆ. ಸಾಲಿಹಾಳ ಮೈಯ ರೋಮ ಎದ್ದು ನಿಂತಿತು. ಚಾವಡಿಯ ತುಂಬ ಎಲ್ಲಿಂದಲೋ ಅತ್ತರಿನ ಪರಿಮಳ. ನಿಝಾರ್ ಹಚ್ಚುತ್ತಿದ್ದ ಅದೇ ಅತ್ತರು.

ರುಕಿಯಾ ಬಾಗಿಲಿನಲ್ಲಿ ನಿಂತುಬಿಟ್ಟಿದ್ದಳು. "ಯಾ ಅಲ್ಲಾಹ್! ಅವನಿಗೆ ಮನಸ್ಸಿಲ್ಲ ಮಗಳೇ. ಬಿಟ್ಟುಬಿಡು. ಆ ಮಾತು ಯಾರೂ ಇಟ್ಟುಕೊಳ್ಳುವುದು ಅವನಿಗೆ ಬೇಡ."

ಕಲಿತದ್ದೆಲ್ಲ ಆ ಹೊತ್ತಿಗೆ ಸಾಲಿಹಾಳ ತಲೆಯಿಂದ ಹಾರಿಹೋಗಿತ್ತು. ಧರ್ಣಪ್ಪನವರಿಗೆ ಫೋನ್ ಮಾಡಿದಳು.

"ಡಬ್ಬಿ ಮುಟ್ಟಿ ನೋಡು. ಬಿಸಿ ಉಂಟಾ? ಮೇಲೆ ಎಂತಾದರೂ ಇಟ್ಟಿದ್ದೀಯಾ?"

"ಕಂಬಳಿ ಸರ್."

"ಕಂಬಳಿಯಾ! ಅದಕ್ಕೆಂತ ಚಳಿಜ್ವರವಾ ಮಾರಾಯ್ತಿ? ತಡೆಯಲಿಕ್ಕೆ ಆಗದಷ್ಟು ಬಿಸಿಯಾದ್ರೆ ಅದು ತಾನಾಗಿ ನಿಲ್ತದೆ. ಬದಿಯ ತಗಡು ತೆಗೆ, ಒಂದು ಟೇಬಲ್ ಫ್ಯಾನು ಇಡು. ಈ ಸೆಕೆಗೆ ಒಳಗಿನ ಫ್ಯಾನು ಒಂದೇ ಸಾಲ್ದು."

ಕಂಬಳಿ ಎತ್ತಿದರೆ ಬಿಸಿಗಾಳಿ ಮುಖಕ್ಕೆ ಹೊಡೆಯಿತು, ಅತ್ತರಿನ ಪರಿಮಳವೂ. ಎಷ್ಟೋ ವರ್ಷದಿಂದ ನೂಲಿನಲ್ಲಿ ಅಡಗಿದ್ದದ್ದು ಶಾಖಕ್ಕೆ ಎದ್ದು ಬಂದಿತ್ತು. ಕಾರಣ ತಿಳಿದ ಮೇಲೆ ಹೆದರಿಕೆ ಹೋಗಬೇಕಿತ್ತು. ಸಾಲಿಹಾಳಿಗೆ ಅಳು ಬಂತು. ಅಣ್ಣ ಹೋದ ಹಾಗೆಯೇ ಇದನ್ನೂ ಸೆಕೆಯಲ್ಲಿ ಕೊಲ್ಲುತ್ತಿದ್ದೆನಲ್ಲ ಎಂದು ಅತ್ತಳು.

"ಯಂತ್ರಕ್ಕೂ ಸೆಕೆಯಾ?" ರುಕಿಯಾ ಕೇಳಿದಳು.

"ಹೌದು ಉಮ್ಮಾ. ಗಾಳಿ ಸಿಗದಿದ್ರೆ ನಿಲ್ತದೆ. ಟೇಪು ಇನ್ನೊಂದು ಸಲ ಓಡುವುದೂ ಸಂಶಯ. ಆ ಫ್ಯಾನು ಹಾಕ್ಲಾ?"

ರುಕಿಯಾ ಮೂಲೆಯನ್ನು ನೋಡಿದಳು. "ಅವನ ಹತ್ರ ಯಾರಾದರೂ ಹೀಗೆ ಒಂದು ಫ್ಯಾನು ತಂದಿಟ್ಟಿದ್ರೆ," ಅಂದಳು. ತಾನೇ ಹೋಗಿ ಜರಿಯ ಬಟ್ಟೆ ತೆಗೆದಳು. ಬಿಸ್ಮಿಲ್ಲಾ ಹೇಳಿ ಸ್ವಿಚ್ ಒತ್ತಿದಳು. ಧೂಳು ಹಾರಿಸಿಕೊಂಡು ಫ್ಯಾನು ಗುಂಯ್ ಎಂದು ತಿರುಗಿತು.

ಈ ಸಲ ಪರದೆ ಕಪ್ಪಾಗಲಿಲ್ಲ. ನಿಝಾರ್ ಸೆಕೆಯ ಮಾತು ದಾಟಿದ, ನಕ್ಕ, "ಸಾಲೀ, ನೀನು ಕಲಿಯುವುದು ನಿಲ್ಲಿಸಬೇಡ" ಅಂದ. ಕೊನೆಗೆ "ಉಮ್ಮಾ, ಬರುವಾಗ ನಿಮಗೆ ಎಂತ ತರಬೇಕು?" ಎಂದು ಕೇಳಿದ. ಕ್ಯಾಸೆಟ್ ಹಿಂದಕ್ಕೆ ತಿರುಗಿಸುವಾಗ ಟೇಪು ಪಟ್ಟೆಂದು ತುಂಡಾಯಿತು.

ಶುಕ್ರವಾರ ಸಾಲಿಹಾ ಸಿಡಿ ಹಾಕಿದಳು. ಅಣ್ಣನ ಸ್ವರದ ಹಿಂದೆ ಫ್ಯಾನಿನ ಸದ್ದು ಎದ್ದು ಕೇಳುತ್ತಿತ್ತು. ಸಾಲಿಹಾಳ ಮುಖ ಬಾಡಿತು. "ಶಬ್ದ ಸೇರಿದೆ ಉಮ್ಮಾ. ತೆಗೀಲಿಕ್ಕೆ ಆಗ್ತದಾ ನೋಡ್ತೇನೆ."

ರುಕಿಯಾ ಕೈ ಎತ್ತಿ ಸುಮ್ಮನಿರಿಸಿದಳು. ಕಂಪ್ಯೂಟರಿನ ಬದಿಯಲ್ಲಿ ತಿರುಗುತ್ತಿದ್ದ ಟೇಬಲ್ ಫ್ಯಾನನ್ನು ಆರಿಸಲು ಸನ್ನೆ ಮಾಡಿದಳು. ಸಾಲಿಹಾ ಆರಿಸಿದಳು. ರೆಕ್ಕೆಗಳು ನಿಂತವು. ಗುಂಯ್ ಎಂಬ ಸದ್ದು ಮಾತ್ರ ನಿಲ್ಲಲಿಲ್ಲ.

"ರೂಮಿನ ಫ್ಯಾನು ಹಾಳಾಗಿದೆ," ಅಂದ ನಿಝಾರ್.

"ಸುಳ್ಳು ಹೇಳ್ತಾನೆ ಇವ," ರುಕಿಯಾ ಮೆಲ್ಲನೆ ಅಂದಳು. "ಕೇಳು ಮಗಳೇ, ತಿರುಗ್ತಾ ಉಂಟು."

ಸಾಲಿಹಾ ಸ್ಪೀಕರಿಗೆ ಕಿವಿ ಕೊಟ್ಟಳು. ಅಣ್ಣ ನಕ್ಕ, ಅವಳ ಹೆಸರು ಕರೆದ, ಉಮ್ಮನಿಗೆ ಎಂತ ತರಬೇಕೆಂದು ಕೇಳಿ ಸುಮ್ಮನಾದ. ರುಕಿಯಾ ತಲೆವಸ್ತ್ರದ ತುದಿಯಿಂದ ಕತ್ತಿನ ಬೆವರು ಒರಸಿಕೊಂಡಳು.

"ಇನ್ನು ನಮ್ಮದನ್ನೂ ಹಾಕು," ಅಂದಳು. "ಸೆಕೆ ಆಗ್ತದೆ."